ಮಗುಚಿ ಬಿದ್ದ ಬಿಲ್ಲೆ

ಗೀರು ಮೇಲಿತ್ತೋ, ಕೆಳಗಿತ್ತೋ? ಮೊನ್ನೆ ಚಿಮಟದಿಂದ ಜಾರಿದ ಗಾಜಿನ ಬಿಲ್ಲೆಯನ್ನು ಎತ್ತಿ ಯಾವ ಮಗ್ಗುಲಾಗಿ ತಟ್ಟೆಗಿಟ್ಟೆ? ಇದು ಮೊನ್ನೆಯ ತಪ್ಪೋ, ನಾಲ್ಕು ವರ್ಷದ್ದೋ?

ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದ ಗೀರಣ್ಣನ ಬೆನ್ನು ಬೆವೆತಿತ್ತು. ಲ್ಯಾಬಿನವರು ಅವನಿಗಿಟ್ಟ ಹೆಸರದು. ಕೂದಲೆಳೆಗಿಂತ ಹತ್ತು ಪಟ್ಟು ಸಣ್ಣ ಗೀರುಗಳಿರುವ ಗಾಜಿನ ಮೇಲೆ ಚರ್ಮದ ಜೀವಕೋಶ ಬೆಳೆಸಿ, ಅವು ಗೀರಿನುದ್ದಕ್ಕೆ ಸಾಲಾಗಿ ಮಲಗುತ್ತವೆಯೇ ಎಂದು ನೋಡುವುದು ಅವನ ಕೆಲಸ. ನಾಲ್ಕು ವರ್ಷ ಅವು ಮಕ್ಕಳಿರುವ ಮನೆಯ ಚಪ್ಪಲಿಗಳಂತೆ ದಿಕ್ಕಾಪಾಲಾಗಿ ಬಿದ್ದಿದ್ದವು. ‘ಈ ಕೋಶಗಳಿಗೆ ಗೀರಿನ ಪರಿವೆಯೇ ಇಲ್ಲ’ ಎಂದು ಇನ್ನೂರು ಪುಟ ಬರೆದಿದ್ದ. ಡಾಕ್ಟರೇಟಿನ ಮೌಖಿಕ ಪರೀಕ್ಷೆ ಇವತ್ತೇ ಹನ್ನೊಂದಕ್ಕೆ. ಈಗ ನೋಡಿದರೆ ಕೋಶಗಳು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಒಂದೇ ದಿಕ್ಕಿಗೆ ಮಲಗಿದ್ದವು.

ಗೀರೂ ಕೋಶವೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಇಷ್ಟು ದಿನ ಕೋಶ ಕಂಡರೆ ಗೀರು ಮಸುಕು. ದೃಷ್ಟಿದೋಷವೆಂದು ಎರಡು ಸಲ ಕನ್ನಡಕ ಬದಲಿಸಿದ್ದ. ಅಂದರೆ ಗೀರಿನ ಮಗ್ಗುಲು ನಾಲ್ಕು ವರ್ಷವೂ ಅಡಿಯಲ್ಲಿತ್ತು. ಪಾಪದ ಕೋಶಗಳು ನುಣುಪು ಗಾಜಿನ ಮೇಲೆ ಹೊರಳಾಡಿದ್ದವು.

“ಯಾಕೋ, ದೆವ್ವ ಕಂಡೋನ ಥರ ಕೂತಿದೀಯ?” ಪಕ್ಕದ ಮೇಜಿನ ಅಕ್ಕ ಅವನನ್ನು ಸರಿಸಿ ಇಣುಕಿದಳು. “ಎಷ್ಟು ಚೆನ್ನಾಗಿ ಸಾಲಾಗಿವೆ ಕಣೋ. ಇರು, ಮೇಷ್ಟ್ರನ್ನ ಕರೀತೀನಿ.”

“ಬೇಡಕ್ಕ, ನಿನ್ ದಮ್ಮಯ್ಯ.”

ಅಕ್ಕ ಆಗಲೇ ಬಾಗಿಲು ದಾಟಿದ್ದಳು.

ಅವನ ಗೈಡ್ ಆಗಿದ್ದ ಮೇಷ್ಟ್ರು ಬಂದು ನೋಡಿದರು. ಮತ್ತೆ ನೋಡಿದರು. “ಸಿಂಕಿಗೆ ಸುರಿ.”

“ಸರ್, ಆದ್ರೆ ನಿಜ ಇದೇ ಅಲ್ವಾ?”

“ನಿಜಾನ ನಾಳೆ ಹುಡುಕೋಣ. ಇವತ್ತು ಪಾಸಾಗು.”

ತಟ್ಟೆ ಹಿಡಿದು ಬಾಗಿಲ ಪಕ್ಕದ ಸಿಂಕಿನತ್ತ ಓಡಿದವನು ಒಳಬರುತ್ತಿದ್ದ ಪರೀಕ್ಷಕರಿಗೆ ಡಿಕ್ಕಿ ಹೊಡೆದ. ಇದೇ ಕೋಶಗಳ ಮೇಲೆ ಇಪ್ಪತ್ತು ವರ್ಷ ದುಡಿದು, ಅವಕ್ಕೆ ಗೀರು ಲೆಕ್ಕಕ್ಕಿಲ್ಲವೆಂದು ಮೊದಲು ಜಗತ್ತಿಗೆ ಸಾರಿ ಹೆಸರು ಮಾಡಿದ ಹಿರಿಯರು. ತಟ್ಟೆಯಲ್ಲಿ ಕೋಶಗಳಿಗೆ ಹಾಕಿದ್ದ ಗುಲಾಬಿ ಬಣ್ಣದ ದ್ರಾವಣ ಅರ್ಧ ಅವರ ಬಿಳಿ ಅಂಗಿಗೆ ಚೆಲ್ಲಿತು.

“ಇರಲಿ ಬಿಡಪ್ಪ. ಕೈಯಲ್ಲಿರೋದನ್ನೇ ತೋರಿಸು.”

ಹತ್ತು ನಿಮಿಷ ನೋಡಿದರು. ಆಮೇಲೆ ಮೇಷ್ಟ್ರನ್ನೂ ಅಕ್ಕನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಡಾಕ್ಟರೇಟು ನೀರಿಗೆ ಬಿದ್ದ ಸದ್ದು ಗೀರಣ್ಣನಿಗೆ ಕೇಳಿಸಿತು.

“ಗೀರು ಯಾವ ಕಡೆಗಿದೆ?”

“ಮೇಲಕ್ಕೆ ಸರ್. ಈ ಸಲ ಮಾತ್ರ.”

ಪರೀಕ್ಷಕರು ಸ್ಟೂಲಿನ ಮೇಲೆ ಕುಸಿದರು.

“ನನ್ನ ಲ್ಯಾಬಲ್ಲಿ ಹದಿನಾಲ್ಕು ಜನ ಡಾಕ್ಟರಾಗಿದಾರೆ,” ಎಂದರು. “ಎಲ್ಲರಿಗೂ ನಾನೇ ಕೈ ಹಿಡಿದು ಬಿಲ್ಲೆ ಇಡೋದು ಕಲಿಸಿದ್ದು.”

ಎದ್ದು, ತಟ್ಟೆಯನ್ನು ತಾವೇ ಸಿಂಕಿಗೆ ಸುರಿದು ನಲ್ಲಿ ಬಿಟ್ಟರು. ಹೊರಗೆ ಬಂದು, “ಅತ್ಯುತ್ತಮ ಪ್ರಬಂಧ. ಹುಡುಗ ನಮ್ಮಲ್ಲಿಗೇ ಬರಲಿ, ಐದು ವರ್ಷ ಇದನ್ನೇ ಮುಂದುವರಿಸಲಿ,” ಎಂದರು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಕ್ಕ ಕಣ್ಣೊರೆಸಿಕೊಂಡಳು.

ಹೊಸ ಲ್ಯಾಬಿನ ಮೊದಲ ದಿನ ಹಿರಿಯರು ಡಾಕ್ಟರ್ ಗೀರಣ್ಣನ ಕೈ ಹಿಡಿದು, ಬಿಲ್ಲೆಯನ್ನು ಮೆಲ್ಲಗೆ ತಟ್ಟೆಗಿಳಿಸಿದರು. ಅದು ತಲೆಕೆಳಗಾಗಿದೆ ಎಂದು ಅವನು ಹೇಳಲಿಲ್ಲ.