ಕೆಮ್ಮುವ ಕಾರಿನ ವಧುಪರೀಕ್ಷೆ

ಸುಮಿತಾಳ ಕಾರಿಗೆ ಬೆಳಗಿನ ಹೊತ್ತು ಮಾತ್ರ ರೋಗ. ಕೀಲಿ ತಿರುಗಿಸಿದರೆ ಎಂಜಿನ್ ಏಳುವುದೇನೋ ಏಳುತ್ತದೆ. ಎದ್ದು ನಾಲ್ಕು ಸಲ ಮುಗ್ಗರಿಸಿ, ಗಡಗಡ ನಡುಗಿ, ಪಕ್ಕನೆ ಪ್ರಾಣ ಬಿಡುತ್ತದೆ. ಮತ್ತೆ ಎಬ್ಬಿಸಬೇಕು. ಮತ್ತೆ ಸಾಯುತ್ತದೆ. ಅಕ್ಸಿಲರೇಟರಿನ ಮೇಲೆ ಕಾಲಿಟ್ಟು ಅರ್ಧ ತಾಸು ಉಪಚಾರ ಮಾಡಿದರೆ ಬದುಕಿಕೊಳ್ಳುತ್ತದೆ. ಆದರೆ ಆ ಅರ್ಧ ತಾಸು ಯಾರ ಹತ್ತಿರ ಇದೆ? ನಾಲ್ಕು ವರ್ಷದ ಮಗಳಿಗೆ ಎರಡು ಸ್ವೆಟರು, ಒಂದು ಮಂಕಿ ಟೋಪಿ, ಎರಡು ಜೊತೆ ಕಾಲುಚೀಲ, ಕಿವಿಗೆ ಹತ್ತಿ, ಇಷ್ಟನ್ನು ಏರಿಸುವಷ್ಟರಲ್ಲಿ ಸುಮಿತಾಳ ಅರ್ಧ ಆಯುಷ್ಯ ಮುಗಿದಿರುತ್ತದೆ. (ಹುಬ್ಬಳ್ಳಿಯಲ್ಲಿ ಓದಿದವಳು. ಮಕ್ಕಳ ನೆಗಡಿಯ ಬಗ್ಗೆ ಮೊಬೈಲಿನಲ್ಲಿ ಅವಳು ಓದದೆ ಬಿಟ್ಟದ್ದು ಏನೂ ಉಳಿದಿಲ್ಲ.)

"ಕೂಸನ್ನ ಸಾಲಿಗೆ ಕಳಸ್ತೀಯೋ, ಹಿಮಾಲಯಕ್ಕ ಕಳಸ್ತೀಯೋ?" ಎಂದು ಅತ್ತೆ ಕಾಶೆವ್ವ ದಿನಾ ಕೇಳುತ್ತಿದ್ದರು. "ನಾವು ನಾಕ್ ಮಕ್ಕಳನ್ನ ಒಂದ ಅಂಗಿ ಮ್ಯಾಲ ಬೆಳಸೇವಿ."

ಹಳ್ಳಿಯಿಂದ ಹಳಿಯಾಳದ ಶಾಲೆಗೆ ಒಂಬತ್ತು ಕಿಲೋಮೀಟರ್. ಈ ಡಿಸೆಂಬರಿನಲ್ಲಿ ಕಾರು ಊರಾಚೆಯ ಹಳ್ಳದ ಏರಿನಲ್ಲಿ ಐದು ಸಲ ನಿಂತಿತ್ತು. ಐದು ಸಲವೂ ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹಾರ್ನ್ ಬಾರಿಸಿದ್ದವು. ತಡವಾಯಿತೆಂದು ಶಾಲೆಯವರು ಮಗಳ ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದು ಕಳಿಸಿದರು. ಅದನ್ನು ಓದಿ ಗಂಡ ಈರೇಶ ತೀರ್ಪು ಕೊಟ್ಟ.

"ರವಿವಾರದೊಳಗ ಗಾಡಿ ನೆಟ್ಟಗಾತೋ, ಆತು. ಇಲ್ಲಂದ್ರ ಸೋಮವಾರದಿಂದ ಕೂಸು ಶಿವಲಿಂಗನ ಟಂಟಂನ್ಯಾಗ ಹೋಗ್ಲಿ. ಊರ ಹುಡುಗ್ರೆಲ್ಲಾ ಅದರಾಗ ಹೋಗ್ತಾವ."

ಟಂಟಂ ಎಂದರೆ ಮೂರು ಗಾಲಿಯ ದೊಡ್ಡ ರಿಕ್ಷಾ. ಸುಮಿತಾ ಮಗಳನ್ನು ಎಳೆದು ಅಪ್ಪಿಕೊಂಡಳು.

"ಅದಕ್ಕ ಬಾಗಲಾನ ಇಲ್ಲರಿ! ಆರು ಮಂದಿ ಕೂಡ್ರೂ ಜಾಗಾದಾಗ ಹದಿನಾಕ್ ಹುಡುಗ್ರು. ಗಾಳಿ ಸುಂಯ್ ಅಂತ ಬಡೀತೈತಿ!"

"ಹದಿನಾಕ್ ಹುಡುಗ್ರ ನಡುವ ಗಾಳಿಗೆ ಜಾಗಾ ಎಲ್ಲೈತಿ?"

ಟಂಟಂ ತಪ್ಪಿಸಬೇಕೆಂದರೆ ಕಾರು ನೆಟ್ಟಗಾಗಬೇಕು. ಉಳಿದದ್ದು ಹಳಿಯಾಳದ ಮೆಕ್ಯಾನಿಕ್ ಮಲ್ಲೇಶ ಒಬ್ಬನೇ. ಅವನ ಬಳಿಗೆ ಸುಮಿತಾ ಆಗಲೇ ಮೂರು ಸಲ ಹೋಗಿ ಬಂದಿದ್ದಳು. ತೊಂದರೆ ಏನೆಂದರೆ, ಅವನ ಗ್ಯಾರೇಜು ಮುಟ್ಟುವ ಹೊತ್ತಿಗೆ ಒಂಬತ್ತು ಕಿಲೋಮೀಟರ್ ಓಡಿ ಬಿಸಿಯಾದ ಕಾರು, ತವರಿಗೆ ಬಂದ ಮಗಳಂತೆ ಸರ್ವಾಂಗ ಸುಖಿಯಾಗಿರುತ್ತಿತ್ತು.

"ಏನಾಗೈತ್ರಿ ವೈನ್ಯಾರ ಇದಕ್ಕ? ತಂಬೂರಿ ನುಡದಂಗ ನುಡ್ಯಾಕತ್ತೈತಿ," ಎನ್ನುತ್ತಿದ್ದ ಮಲ್ಲೇಶ.

ನಾಲ್ಕನೆಯ ಸಲ ಅವಳು ಮೊಬೈಲಿನಲ್ಲಿ ಕಾರಿನ ಕೆಮ್ಮನ್ನು ರೆಕಾರ್ಡ್ ಮಾಡಿಕೊಂಡು ಹೋದಳು. ಮಲ್ಲೇಶ ಕಿವಿಗೊಟ್ಟು ಕೇಳಿ, "ನಿಮ್ಮ ಹುಂಜ ಭಾಳ ಚಂದ ಕೂಗ್ತೈತ್ರಿ," ಎಂದ. ಆಮೇಲೆ ಅವಳ ಮುಖ ನೋಡಿ ಮರುಗಿದ. "ಥಂಡ್ಯಾಗ ಬರೂ ರೋಗಾ ಥಂಡ್ಯಾಗ ನೋಡಬೇಕ್ರಿ. ರವಿವಾರ ಏಳಕ್ಕ ಮನೀಗೇ ಬರ್ತೇನಿ. ಶನಿವಾರ ಸಂಜಿಯಿಂದ ಗಾಡಿ ಯಾರೂ ಚಾಲೂ ಮಾಡಬ್ಯಾಡ್ರಿ, ಅಷ್ಟ."

ಶನಿವಾರ ಸಂಜೆ ಸುಮಿತಾ ಮನೆಯವರನ್ನೆಲ್ಲ ಕೂರಿಸಿ, ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಪಥ್ಯ ಹೇಳುವಂತೆ ಹೇಳಿದಳು: ಕಾರನ್ನು ಯಾರೂ ಚಾಲೂ ಮಾಡಕೂಡದು. ಆಮೇಲೆ ಕೋಣೆಯ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಸಂದಿಗಳಿಗೆ ಹಳೆಯ ಸೀರೆ ತುರುಕಿ, ಮಗಳ ಪಕ್ಕದಲ್ಲಿ ಮಲಗಿದಳು. ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತು.

ಬೆಳಿಗ್ಗೆ ಏಳಕ್ಕೆ ಮಲ್ಲೇಶ ಬಂದ. ಅಂಗಳದಲ್ಲಿ ಕಾರು ಮಿಂದು ಮಡಿಯಾಗಿ ನಿಂತಿತ್ತು. ಬಾನೆಟ್ಟಿಗೆ ಮೂರು ಬೆರಳು ವಿಭೂತಿ, ಕನ್ನಡಿಗೆ ಚೆಂಡುಹೂವು. ಕಾಶೆವ್ವ ಇಳಕಲ್ ಸೀರೆ ಉಟ್ಟು ಚಹಾ ಹಿಡಿದು ನಿಂತಿದ್ದರು. ಮಲ್ಲೇಶ ಒಳಗೆ ಕೂತು ಕೀಲಿ ತಿರುಗಿಸಿದ. ಕಾರು ಒಂದೇ ಏಟಿಗೆ ಎದ್ದು, ಜೇನುಹುಳದಂತೆ ಗುಂಯ್‌ಗುಟ್ಟತೊಡಗಿತು.

ಸುಮಿತಾಳಿಗೆ ಅಳು ಬಂತು. ದಿಕ್ಕು ತೋಚದೆ ಬಾನೆಟ್ಟಿನ ಮೇಲೆ, ಮಗಳ ಹಣೆಗೆ ಇಡುವಂತೆ, ಅಂಗೈಯ ಹಿಂಬದಿ ಇಟ್ಟಳು. ಇಟ್ಟವಳೇ ಚೀರಿದಳು.

"ರೀ! ಇದಕ್ಕ ಜ್ವರ ಬಂದೈತಿ!"

ಈರೇಶನಿಗೆ ಇದ್ದಕ್ಕಿದ್ದಂತೆ ತೆಂಗಿನ ಮರದ ಕಾಯಿ ಎಣಿಸುವ ಕೆಲಸ ನೆನಪಾಯಿತು. ಕಾಶೆವ್ವ ಮಾತ್ರ ಅಲ್ಲಾಡಲಿಲ್ಲ.

"ಹೌದು, ನಾವ ಬಿಸಿ ಮಾಡೇವಿ. ಐದಕ್ಕೆದ್ದು, ನಿನಗ ಸಪ್ಪಳಾ ಕೇಳಬಾರದಂತ, ನಾನೂ ಈರ್ಯಾನೂ ಆಚಿ ಓಣಿ ದ್ಯಾಮಪ್ಪನ ಹುಲ್ಲಿನ ಬಣಿವಿ ತನಕ ನೂಕ್ಕೊಂಡು ಹೋಗಿ, ಅರ್ಧ ತಾಸು ಚಾಲೂ ಇಟ್ಟು, ಮತ್ತ ನೂಕ್ಕೊಂಡು ಬಂದೇವಿ. ನನ್ನ ನಡಾ ಹಿಡದೈತಿ."

"ಯಾಕ್ರೀ ಅತ್ತೀ? ಯಾಕ?"

"ಯಾಕಂದ್ರ? ಮುಂಜಾನೆದ್ದು ಹೊರಗಿನ ಮನಷ್ಯಾ ಮನೀಗೆ ಬರಾಂವ. ಅವನ ಮುಂದ ಕೆಮ್ಮಿ ಕ್ಯಾಕರಿಸಿ ಬಿದ್ರ ಮನಿ ಮರ್ಯಾದಿ ಉಳೀತೈತೇನು? ಕನ್ಯಾ ನೋಡಾಕ ಬಂದ ದಿನ ಹುಡುಗಿಗೆ ನೆಗಡಿ ಇದ್ರ ಏನ್ ಮಾಡ್ತೀವಿ? ಬಿಸಿ ಕಷಾಯ ಕುಡಿಸಿ, ಪೌಡರ್ ಬಡದು ಕುಂದರಸ್ತೀವಿ. ನಿನಗೂ ಅವತ್ತು ನಿಮ್ಮವ್ವ ಹಂಗ ಮಾಡಿರಬೇಕು."

"ಅಂವಾ ಕನ್ಯಾ ನೋಡಾಕ ಬಂದಿಲ್ಲರಿ ಅತ್ತೀ, ರೋಗಾ ನೋಡಾಕ ಬಂದಾನ!"

"ಯಾವದಕ್ಕರೆ ಬರ್ಲಿ. ಮನೀಗೆ ಬಂದಾಂವ ಬೀಗ ಇದ್ದಂಗ."

ಹುಡುಗಿಯನ್ನು ನೋಡಿ ಒಪ್ಪಿದವನಂತೆ ಮಲ್ಲೇಶ ನಕ್ಕ. "ಆರ್ಲಿ ಬಿಡ್ರಿ. ಕುಂತಿರ್ತೇನಿ."

ಎಂಜಿನ್ ಆರುವುದೆಂದರೆ ಹಾಲು ಆರಿದಷ್ಟು ಸುಲಭವಲ್ಲ. ಮಲ್ಲೇಶ ನಾಲ್ಕು ರೊಟ್ಟಿ, ಬದನೇಕಾಯಿ ಎಣಗಾಯಿ, ಮೂರು ಸಲ ಚಹಾ ಮುಗಿಸಿದ. ಸುಮಿತಾ ಬಾನೆಟ್ ತೆರೆದು, ಮೊರ ಹಿಡಿದು ಎಂಜಿನ್ನಿಗೆ ಗಾಳಿ ಬೀಸುತ್ತ ಕೂತಳು. ಹುಟ್ಟಿದಾಗಿನಿಂದ ಗಾಳಿಗೆ ಹೆದರಿದ ಹೆಣ್ಣು, ತಣ್ಣನೆಯ ಗಾಳಿ ಬರಲಪ್ಪಾ ಎಂದು ಬಸವಣ್ಣನಿಗೆ ಕಾಯಿ ಹರಸಿಕೊಂಡಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಮರುಕದಿಂದ ಮುಂದೆ ಹೋದರು.

ಹನ್ನೊಂದೂವರೆಗೆ ಮಲ್ಲೇಶ ಮತ್ತೆ ಕೀಲಿ ತಿರುಗಿಸಿದ. ಕಾರು ಎದ್ದಿತು, ಮುಗ್ಗರಿಸಿತು, ನಡುಗಿತು, ಸತ್ತಿತು.

"ಸತ್ತಿತು! ಸತ್ತಿತು!" ಎಂದು ಸುಮಿತಾ ಚಪ್ಪಾಳೆ ತಟ್ಟಿ ಕುಣಿದಳು. ಪಕ್ಕದ ಮನೆಯಿಂದ ಇಬ್ಬರು ಗಾಬರಿಯಿಂದ ಓಡಿ ಬಂದರು.

ಮಲ್ಲೇಶ ಅಂಗೈಯಗಲದ ಒಂದು ಯಂತ್ರ ಜೋಡಿಸಿ ನೋಡಿ ತಲೆದೂಗಿದ. "ಎಂಜಿನ್ ಎಷ್ಟು ಬಿಸಿ ಐತಿ ಅಂತ ಹೇಳೂ ಸಣ್ಣ ಸೆನ್ಸರ್ ಇರ್ತೈತ್ರಿ. ಅದು ಸುಳ್ಳ ಹೇಳಾಕತ್ತೈತಿ. ಎಂಜಿನ್ ತಣ್ಣಗಿದ್ರೂ ಕುದ್ಯಾಕತ್ತೈತಿ ಅಂತೈತಿ. ಅದನ್ನ ನಂಬಿ ಗಾಡಿ ಪೆಟ್ರೋಲ್ ಕಡಿಮಿ ತೊಗೋತೈತಿ. ಹಸದ ಹೊಟ್ಯಾಗ ಆಳನ್ನ ಹೊಲಕ್ಕ ಕಳಿಸಿದ್ರ ಬೀಳಂಗಿಲ್ಲೇನ್ರಿ?"

"ನಮ್ಮನ್ಯಾಗಿನ ಸೆನ್ಸರ್ ಉಲ್ಟಾ ಐತೋ ಮಲ್ಲೇಶ," ಎಂದ ಈರೇಶ. "ಕೂಸು ಬೆವತು ನೀರಾದ್ರೂ ಥಂಡಿ ಐತಿ ಅಂತೈತಿ. ಅದಕ್ಕೂ ಹೊಸಾದು ಸಿಗತೈತೇನು?"

"ಆ ಮಾಡಲ್‌ಗೆ ಪಾರ್ಟ್ ಬರೂದಿಲ್ರಿ," ಎಂದ ಮಲ್ಲೇಶ, ಸುಮಿತಾಳ ಕಡೆ ನೋಡದೆ.

ಸಂಜೆಯೊಳಗೆ ಹೊಸ ಸೆನ್ಸರ್ ಕೂತಿತು. ಸೋಮವಾರ ಬೆಳಿಗ್ಗೆ ಮಂಜು ಮುಸುಕಿದ ಅಂಗಳದಲ್ಲಿ ಕಾರು ಮೊದಲನೆಯ ಏಟಿಗೇ ಎದ್ದ ಸದ್ದು ಒಳಗಿದ್ದ ಸುಮಿತಾಳಿಗೆ ಕೇಳಿಸಿತು. ಕೆಮ್ಮಿಲ್ಲ, ನಡುಕವಿಲ್ಲ. ಟಂಟಂ ತಪ್ಪಿದ ಸಂತೋಷದಲ್ಲಿ ಮಗಳನ್ನು ಎತ್ತಿಕೊಂಡು ಹೊರಗೆ ಬಂದಳು.

ಕಾರಿನ ಹಿಂದಿನ ಸೀಟಿನಲ್ಲಿ ಕಾಶೆವ್ವ ಕೂತಿದ್ದರು. ಅವರ ಪಕ್ಕದಲ್ಲಿ ಅವರ ಅಕ್ಕ ಶಂಕ್ರೆವ್ವ. ಇಬ್ಬರ ನಡುವೆ ಬುತ್ತಿಯ ಗಂಟು. ಮುಂದೆ ಈರೇಶ ಕನ್ನಡಿ ಸರಿಪಡಿಸಿಕೊಳ್ಳುತ್ತಿದ್ದ.

"ಎಲ್ಲಿಗ್ರೀ?"

"ಮುಂಡಗೋಡಕ್ಕ. ತೊಟ್ಟಲಕ್ಕ ಹಾಕೂ ಕಾರ್ಯಾ ಐತಿ," ಎಂದರು ಕಾಶೆವ್ವ.

"ಮತ್ತ ಸಾಲಿ?"

"ಅಯ್ಯ, ಹಳ್ಳಾ ದಾಟಿದ್ರ ನಮ್ಮ ಹಾದಿ ಬ್ಯಾರೆ. ಗಾಡಿ ಕೆಟ್ಟಿತ್ತಂತ ಇಷ್ಟ ದಿನ ಬಸ್ಸಿಗೆ ಹೋದ್ವಿ. ಈಗ ನೆಟ್ಟಗಾಗೈತಲ್ಲ! ನಾಳೆ ಶಂಕ್ರೆವ್ವಗ ದಾಂಡೇಲಿ ದವಾಖಾನಿ. ನಾಡದು ಬೀಗರ ಮನಿ. ಆಚಿನಾಡದು..."

ಸುಮಿತಾ ಗಂಡನ ಕಡೆ ನೋಡಿದಳು. ಅವನು ಕನ್ನಡಿಯನ್ನು ಇನ್ನಷ್ಟು ಸರಿಪಡಿಸಿದ. ಕೆಮ್ಮುತ್ತಿದ್ದಷ್ಟು ದಿನ ಆ ಕಾರು ಅವಳೊಬ್ಬಳದಾಗಿತ್ತು; ಈಗ ಮನೆತನದ್ದು.

ಬೀದಿಯಲ್ಲಿ ಶಿವಲಿಂಗನ ಟಂಟಂ ಪೀಂ ಎಂದಿತು. ಮಗಳು ಅಮ್ಮನ ಕಂಕುಳಿಂದ ಜಾರಿ, ಕುಣಿಯುತ್ತ ಓಡಿಹೋಗಿ ಹದಿನಾಲ್ಕು ಹುಡುಗರ ನಡುವೆ ತುರುಕಿಕೊಂಡಳು. ಅವಳನ್ನು ಒಬ್ಬಳೇ ಬಿಡಲಾರದೆ ಸುಮಿತಾಳೂ ಹತ್ತಿದಳು. ಸಿಕ್ಕಿದ್ದು ತುದಿಯ ಜಾಗ: ಅರ್ಧ ಒಳಗೆ, ಅರ್ಧ ಹೊರಗೆ, ಹದಿನೈದು ಪಾಟಿಚೀಲ ತೊಡೆಯ ಮೇಲೆ. ಗಾಳಿ ಸುಂಯ್ ಎಂದು ಅವಳೊಬ್ಬಳಿಗೇ ಬಡಿಯುತ್ತಿತ್ತು.

ಹಳ್ಳದ ಏರಿನಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಕಾರು ಒಂದಿಷ್ಟೂ ತಡವರಿಸದೆ ಏರು ಹತ್ತಿ ಪಕ್ಕಕ್ಕೆ ಬಂತು. ಹಿಂದಿನ ಗಾಜು ನಾಲ್ಕು ಬೆರಳು ಇಳಿಯಿತು.

"ಸುಮಿತಾ! ಕಿವಿ ಕಟ್ಕೊಳವಾ," ಎಂದು ಕಾಶೆವ್ವ ಕೂಗಿದರು. "ಹೊರಗ ಭಾಳ ಥಂಡಿ ಐತಿ!"

ಗಾಜು ಮತ್ತೆ ಏರಿತು.