ಸರ್ಜಾನ ಐದನೆಯ ಹೆಜ್ಜೆ

ನೌಕರಿಯ ಅರ್ಜಿಯಲ್ಲಿ ಎಲ್ಲರೂ ಒಂದಿಷ್ಟು ಸುಳ್ಳು ಬರೆಯುತ್ತಾರೆ. ನಾನು ಬರೆದದ್ದು ಒಂದೇ: ‘ಕುದುರೆ ಸವಾರಿ ಚೆನ್ನಾಗಿ ಬರುತ್ತದೆ.’ ನಮ್ಮದು ತಲೆತಲಾಂತರದಿಂದ ಗುಡಿಯ ಪೂಜೆ, ಮಕ್ಕಳಿಗೆ ಪಾಠ ಎಂದುಕೊಂಡು ಬಂದ ಮನೆತನ. ಏಳು ವರ್ಷದವನಿದ್ದಾಗ ಗುಡಿಯ ಉಗ್ರಾಣದಲ್ಲಿದ್ದ ಕಟ್ಟಿಗೆಯ ಕುದುರೆ ವಾಹನವನ್ನು ಹತ್ತಿ ಕೂತು ಅಜ್ಜನಿಂದ ಹೊಡೆತ ತಿಂದದ್ದೇ ನನ್ನ ಸವಾರಿಯ ಅನುಭವ. ಆ ಕುದುರೆ ಅಲುಗಾಡಲಿಲ್ಲ, ನಾನು ಬೀಳಲಿಲ್ಲ. ಬೀಳದವನು ಸವಾರನಲ್ಲದೆ ಮತ್ತೇನು? ಅರ್ಜಿ ಓದಿದ ಸಾಹೇಬರೂ ಹಾಗೆಯೇ ತಿಳಿದು ಶಿರಹಟ್ಟಿ ಸೀಮೆಯ ಶಾಲೆಗಳ ತಪಾಸಣೆಗೆ ನನ್ನನ್ನು ನೇಮಿಸಿದರು. ಆಗಷ್ಟೇ ಸಂಸ್ಥಾನಗಳು ಹೋಗಿ ಹೊಸ ಸರಕಾರ ಬಂದಿತ್ತು. ಶಾಲೆಯ ಗೋಡೆಗಳಿಂದ ರಾಜರ ಫೋಟೋ ಇಳಿದು ನಾಯಕರ ಫೋಟೋ ಏರಿದ್ದವು. ದಾರಿಗಳು ಮಾತ್ರ ಇದ್ದಂತೆಯೇ ಇದ್ದವು. ಒಂದು ಮಳೆ ಬಿದ್ದರೆ ಎರೆಯ ಕರಿ ಮಣ್ಣಿನ ಕೆಸರಿನಲ್ಲಿ ಚಕ್ಕಡಿಯ ಗಾಲಿ ಹೂತು ಹೋಗುತ್ತಿತ್ತು. ಹಾಗಾಗಿ ಕುದುರೆ ಬೇಕೇ ಬೇಕಾಯಿತು.

ಅದು ಸಿಕ್ಕಿದ್ದು ಸೊರಟೂರಿನಲ್ಲಿ. ನನಗಿಂತ ಮೊದಲು ಇದೇ ಕೆಲಸದಲ್ಲಿದ್ದು, ಜ್ವರ ಬಂದು ತೀರಿಹೋದ ರಾಘಪ್ಪ ಮಾಸ್ತರರ ಕುದುರೆ, ಹೆಸರು ಸರ್ಜಾ. ಅವರ ಹೆಂಡತಿ ಗಂಗಾಬಾಯಿ ಹಗ್ಗವನ್ನು ನನ್ನ ಕೈಗಿಡುವಾಗ ಹೇಳಿದ್ದು ಇಷ್ಟೇ: “ಇವನ್ನ ಯಾರಿಗೂ ಮಾರಬ್ಯಾಡ್ರಿ. ಕಾಲು ಸೋತು ನಡೀಲಿಕ್ಕೆ ಆಗದ ದಿನ ನನ್ನ ಬಾಗಲಿಗೆ ತಂದು ಬಿಡ್ರಿ. ಅಷ್ಟ ಮಾತು ಕೊಡ್ರಿ.” ನಾನು ಕೊಟ್ಟೆ. ಮಾಸ್ತರರು ಏರಿ ಕೂತದ್ದು ಕಡಿಮೆಯಂತೆ. ಕರಿ ಕೋಟು ತೊಟ್ಟು, ಛತ್ರಿ ಹಿಡಿದು, ಕುದುರೆಯನ್ನು ಮುಂದೆ ಬಿಟ್ಟು ತಾವು ಹಿಂದೆ ನಡೆದು ಬರುತ್ತಿದ್ದರಂತೆ. ಎಂಥ ಮೃದು ಮನಸ್ಸಿನವರು ಎಂದುಕೊಂಡು ನಾನು ಏರಿ ಕೂತೆ.

ತಿಂಗಳೊಳಗೇ ಒಂದು ವಿಚಿತ್ರ ಶುರುವಾಯಿತು. ಶಿರಹಟ್ಟಿಯಿಂದ ಲಕ್ಷ್ಮೇಶ್ವರದ ಕಡೆ ಗರಸು ಕಲ್ಲಿನ ದಾರಿ ಹಿಡಿದು ಹೊರಟಿದ್ದೆ. ಮಟಮಟ ಮಧ್ಯಾಹ್ನ. ಹೊಲದಲ್ಲಿ ನರಪಿಳ್ಳೆಯಿಲ್ಲ, ಹಕ್ಕಿಯ ದನಿಯಿಲ್ಲ, ಜೋಳದ ಗರಿ ಕೂಡ ಅಲುಗಾಡುತ್ತಿರಲಿಲ್ಲ. ಸರ್ಜಾನ ಹೆಜ್ಜೆಗಳನ್ನು ಎಣಿಸುತ್ತ ಕೂತಿದ್ದೆ. ಮಾಸ್ತರಿಕೆ ಮಾಡಿದವನಿಗೆ ಏನನ್ನಾದರೂ ಎಣಿಸುವ ಚಟ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮೆಲ್ಲಗೆ, ಬೇರೆಯೇ ಸಪ್ಪಳದಲ್ಲಿ, ಐದು. ನಾಲ್ಕು ಕಾಲಿನ ಪ್ರಾಣಿಗೆ ಐದನೆಯ ಹೆಜ್ಜೆ ಎಲ್ಲಿಂದ ಬಂತು? ಎಡಕ್ಕೆ ಹೊರಳಿ ಹಿಂದೆ ನೋಡಿದೆ. ದಾರಿ ಖಾಲಿ. ತಿರುಗಿ ಕೂತರೆ ಮತ್ತೆ ಐದು. ಸರ್ಜಾ ನಿಂತರೆ ಅದೂ ನಿಲ್ಲುತ್ತಿತ್ತು, ನಡೆದರೆ ಅದೂ ನಡೆಯುತ್ತಿತ್ತು. ರಾಘಪ್ಪ ಮಾಸ್ತರರು ಕುದುರೆಯ ಹಿಂದೆ ನಡೆದು ಬರುತ್ತಿದ್ದ ಸಂಗತಿ ಅದೇ ಹೊತ್ತಿಗೆ ನೆನಪಾಗಬೇಕೆ! ಬಾಯಿಗೆ ಬಂದ ಸ್ತೋತ್ರಗಳನ್ನೆಲ್ಲ ಹೇಳಿದೆ. ಗಾಬರಿಯಲ್ಲಿ ನಡುವೆ ಹದಿಮೂರರ ಮಗ್ಗಿಯೂ ಬಂದು ಹೋಯಿತು.

ತಿಂಗಳುಗಟ್ಟಲೆ ದಿನಾ ಇದೇ ಆಯಿತು. ಸಪ್ಪಳ ಬಂದಾಗಲೆಲ್ಲ ನಾನು ಹೊರಳಿ ನೋಡುವುದು, ಏನೂ ಕಾಣದಿರುವುದು. ಒಂದು ಮುಂಜಾನೆ ನೋಡಿದರೆ ಸರ್ಜಾನ ಎಡ ಮುಂಗಾಲಿನ ಒಳಬದಿಗೆ, ಮೊಣಕಾಲ ಕೆಳಗೆ, ಅಡಿಕೆಯಷ್ಟು ಗಂಟು. ಮುಟ್ಟಿದರೆ ಬಿಸಿ, ಒತ್ತಿದರೆ ಕಾಲು ಎಳೆದುಕೊಂಡ. ವಾರದಲ್ಲಿ ಅದು ನಿಂಬೆಕಾಯಿಯಷ್ಟಾಗಿ, ನಡೆಯುವಾಗ ಸಣ್ಣ ಕುಂಟು ಕಾಣಿಸಿತು. ಆಗ ಎಲ್ಲರ ಬಾಯಲ್ಲೂ ಕನ್ನಡ ನಾಡು ಒಂದಾಗುವ ಮಾತು. ಶಾಲೆಗೆ ಹೋದರೆ ಅಲ್ಲಿಯ ಮಾಸ್ತರರು, “ಸಾಹೇಬ್ರ, ನಿಮಗ ಏನ್ ಅನಸ್ತೈತ್ರಿ?” ಎಂದು ಕೇಳುತ್ತಿದ್ದರು. “ಬಾವು ಇಳದ್ರ ಸಾಕ್ರಿ” ಎನ್ನುತ್ತಿದ್ದೆ. ಗಂಗಾಬಾಯಿಗೆ ಕೊಟ್ಟ ಮಾತು ಎದೆಯ ಮೇಲೆ ಕೂತಿತ್ತು. ಆರು ತಿಂಗಳಲ್ಲಿ ಕುದುರೆಯನ್ನು ಕುಂಟು ಮಾಡಿ ಆಕೆಯ ಬಾಗಿಲಿಗೆ ಹೇಗೆ ಒಯ್ಯುವುದು? ಓಣಿಯ ಹಿರಿಯರೊಬ್ಬರು ಕುಡುಗೋಲು ಕಾಸಿ ಬರೆ ಹಾಕಿದರೆ ಗಂಟು ಕರಗುತ್ತದೆ ಎಂದರು. ಅರಿಶಿನದ ಪಟ್ಟು ಹಾಕುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ, “ಮೊದಲ ನಾಲಬಂದಗ ತೋರಸ್ರಿ. ಬರಿ ಯಾರಿಗೆ ಹಾಕಬೇಕಂತ ಆಮ್ಯಾಲ ನೋಡೋಣಂತ” ಎಂದಳು.

ಲಕ್ಷ್ಮೇಶ್ವರದಲ್ಲಿ ಕುದುರೆಗಳ ಗೊರಸಿಗೆ ನಾಲ ಹೊಡೆಯುವ ನಾಲಬಂದ, ಇಮಾಮಸಾಬ ಎಂಬ ಮುದುಕನಿದ್ದ. ಕಣ್ಣು ಮುಚ್ಚಿ ಸರ್ಜಾನ ಕಾಲನ್ನು ಮೇಲಿಂದ ಕೆಳಗೆ ಸವರಿ ನೋಡಿದ. ನಾನು ನಾಚಿಕೆ ಬಿಟ್ಟು ಐದನೆಯ ಹೆಜ್ಜೆಯ ಕಥೆಯನ್ನೂ ಹೇಳಿದೆ. ಆತ ನಗಲಿಲ್ಲ. ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಬಲ ಮುಂಗಾಲಿನ ಗೊರಸಿನ ಒಳಬದಿಗೆ ದಪ್ಪಗೆ ಸುಣ್ಣ ಬಳಿದು, “ಏರ್ರಿ. ಆ ಬೇವಿನ ಗಿಡದ ಮಟಾ ಹೋಗಿ ಬರ್ರಿ” ಎಂದ. ಹೋದೆ; ಸಪ್ಪಳ ಕೇಳಿಸಿತು; ಹೊರಳಿ ನೋಡಿದೆ. ಮರಳಿ ಬಂದಾಗ ಎಡಗಾಲಿನ ಗಂಟಿನ ಮೇಲೆ ಸುಣ್ಣ ಬೆಳ್ಳಗೆ ಹತ್ತಿತ್ತು.

“ನೋಡ್ರಿ ನಿಮ್ಮ ಐದನೇ ಹೆಜ್ಜಿ. ಈ ಕಾಲು ಆ ಕಾಲಿಗೆ ಬಡಿಯಾಕ ಹತ್ತೈತಿ. ಕುದರಿ ತಪ್ಪಲ್ರಿ ಸಾಹೇಬ್ರ. ನೀವು ಘಳಿಗ್ಗೊಮ್ಮೆ ಎಡಕ್ಕ ವಾಲಿ ಹಿಂದ ನೋಡ್ತೀರಿ. ಭಾರ ಎಲ್ಲಾ ಒಂದ ಕಡೆ ಬಿದ್ರ ಅದರ ನಡಿಗಿ ಕೆಡದ ಏನ್ಮಾಡತೈತಿ?”

ನನಗೆ ಜೀವ ಬಂದಂತಾಯಿತು. ದೆವ್ವ ಹಿಂದೆ ಇರಲಿಲ್ಲ, ಕುದುರೆಯ ಬೆನ್ನಿನ ಮೇಲೆಯೇ ಕೂತು ಶಾಲೆಗಳ ತಪಾಸಣೆ ಮಾಡುತ್ತಿತ್ತು! ಆದರೆ ಸುಮ್ಮನಿರದೆ ಕೇಳಿಬಿಟ್ಟೆ: “ಅಲ್ಲೋ ಇಮಾಮಸಾಬ, ಮೊದಲನೇ ದಿನ ನಾನು ಹೊರಳಿ ನೋಡೂಕಿಂತ ಮೊದಲ ಸಪ್ಪಳ ಬಂತಲ್ಲ, ಅದು?” ಆತ ಗೊರಸು ಕೆತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. “ನಾ ನಾಲ ಹೊಡಿಯಾಂವ್ರಿ. ಅದನ್ನ ನನ್ನ ಕೇಳಬ್ಯಾಡ್ರಿ. ಎರಡು ತಿಂಗಳು ಇದನ್ನ ಏರಬ್ಯಾಡ್ರಿ, ತಣ್ಣೀರು ಹಾಕ್ರಿ, ಮೆಲ್ಲಗ ನಡಸ್ರಿ. ಗಂಟು ಉಳದ್ರೂ ಬಿಸಿ ಆರಿದ್ರ ಕುಂಟಂಗಿಲ್ಲ. ಹಿಂಗ ಏರಿದ್ರಿ ಅಂದ್ರ ಕಾಲು ಹೋತು ಅನ್ರಿ.”

ಹೀಗಾಗಿ ನಾನು ನಡೆಯತೊಡಗಿದೆ. ಬಿಸಿಲಿಗೆ ಛತ್ರಿ, ಅಧಿಕಾರಕ್ಕೆ ಕರಿ ಕೋಟು, ದಾರಿ ಗೊತ್ತಿದ್ದ ಸರ್ಜಾ ಮುಂದೆ, ನಾನು ಹಿಂದೆ. ಮೊದಲನೆಯ ಊರಲ್ಲೇ ದೂರದಿಂದ ನನ್ನನ್ನು ಕಂಡ ಮಾಸ್ತರನೊಬ್ಬ ಶಾಲೆಯ ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಜಡಿದ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನನ್ನ ಕಡೆ ಬೆನ್ನು ಮಾಡಿ, ನಾನು ದಾಟುವವರೆಗೂ ಉಸಿರು ಬಿಡದೆ ಕೂತರು. ಯಾರನ್ನು ಕಂಡು ಹೆದರಿದರೆಂದು ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಅವರು ಹೆದರಿದ್ದು ನನ್ನನ್ನೇ ರಾಘಪ್ಪ ಮಾಸ್ತರರೆಂದುಕೊಂಡು ಎಂದು ತಿಳಿಯಲು ನನಗೆ ಇನ್ನೆರಡು ಊರು ಬೇಕಾದವು.

ತಪ್ಪೊಪ್ಪಿಕೊಳ್ಳಬೇಕೆಂದು ಸೊರಟೂರಿಗೂ ಹೋದೆ. ಗಂಗಾಬಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಗೊರಸಿನ ಸಪ್ಪಳಕ್ಕೆ ತಲೆ ಎತ್ತಿದವರು ಮೊದಲು ಸರ್ಜಾನನ್ನು, ಆಮೇಲೆ ಬಿಸಿಲ ಝಳದಲ್ಲಿ ಅವನ ಹಿಂದೆ ಬರುತ್ತಿದ್ದ ಕೋಟು, ಛತ್ರಿಯನ್ನು ನೋಡಿದರು. ಸೆರಗು ಸರಿಪಡಿಸಿಕೊಂಡು ಎದ್ದು ನಿಂತು, “ಇಷ್ಟ್ಯಾಕ ಹೊತ್ತಾತು? ಕಾಲಿಗೆ ನೀರು ತರ್ತೀನಿ” ಎಂದರು. ಹೆಂಡತಿ ಗಂಡನಿಗೆ ಆಡುವ ದನಿ ಅದು. ನನ್ನ ಬಾಯಿಂದ ನನಗರಿಯದೆ “ಹೂಂ” ಎಂದು ಬಂತು. ದನಿ ಬೇರೆಯದೆಂದು ತಿಳಿದು ಅವರು ಅಲ್ಲೇ ನಿಂತರು. ನಾನು ಛತ್ರಿ ಮಡಚಿದೆ. ನನಗೆ ಅಳು ಬಂದಿತ್ತು.

“ವೈನಿ, ತಪ್ಪಾತು. ನಾನ ಇವನ ಕಾಲು ಕೆಡಿಸೀನಿ” ಎಂದೆ. ಅವರು ಕೆಳಗೆ ಕೂತು ಗಂಟನ್ನು ಮುಟ್ಟಿ ನೋಡಿದರು. “ತಣ್ಣಗ ಅದ, ಕುಂಟಂಗಿಲ್ಲ ಬಿಡ್ರಿ. ಅವರೂ ಮೊದಲನೇ ವರ್ಷ ಇದ ಕಾಲಿಗೆ, ಇದ ಜಾಗಾದಾಗ ಗಂಟು ತಂದಿದ್ರು. ಅವತ್ತಿಂದ ಏರೋದ ಕಡಿಮಿ ಮಾಡಿದ್ರು.”

“ಅವರೂ ವಾಲಿ ಕೂಡತಿದ್ರೇನ್ರಿ?”

“ಘಳಿಗ್ಗೊಮ್ಮೆ ಹೊರಳಿ ಹಿಂದ ನೋಡ್ತಿದ್ರಂತ. ಯಾರೋ ನಡದು ಬರ್ತಾರ ಅಂತಿದ್ರು. ಯಾರಂತ ಕೇಳಿದ್ರ ಹೇಳತಿದ್ದಿಲ್ಲ.”

ಸರ್ಜಾ ಮತ್ತೆಂದೂ ಕುಂಟಲಿಲ್ಲ, ನಾನು ಮತ್ತೆಂದೂ ಏರಲಿಲ್ಲ. ವರ್ಗವಾಗುವವರೆಗೂ ಆ ಸೀಮೆಯ ಶಾಲೆಗಳನ್ನೆಲ್ಲ ನಡೆದೇ ತಪಾಸಣೆ ಮಾಡಿದೆ. ರಾಘಪ್ಪ ಮಾಸ್ತರರು ಕುದುರೆಯ ಹಿಂದೆ ನಡೆಯುತ್ತಿದ್ದರು, ಅವರು ಧೈರ್ಯವಂತರು. ನಾನು ಅವತ್ತು ಸೊರಟೂರಿನಿಂದ ಹೊರಡುವಾಗಲೇ ಹಗ್ಗ ಹಿಡಿದು ಸರ್ಜಾನ ಮುಂದೆ ಬಂದುಬಿಟ್ಟೆ. ಹಿಂದಿನಿಂದ ಬರುವವರು ಯಾರೇ ಇರಲಿ, ಮೊದಲು ಕುದುರೆಯನ್ನು ದಾಟಿ ಬರಲಿ.