ಯಾರೂ ಕೇಳದ ಕೆರೆ

ಶನಿವಾರ ಆಫೀಸು ಮುಗಿಯಲು ಇನ್ನು ಕಾಲು ಗಂಟೆ ಇದೆ ಅನ್ನುವಾಗ ಮೈಸೂರಿನಿಂದ ಆ ಕಾಗದ ಬಂತು. ಬರದೇ ಇದ್ದಿದ್ದರೆ ಗುರುಸಿದ್ದಯ್ಯ ಎಂದಿನಂತೆ ರೂಮಿಗೆ ಹೋಗಿ, ಎರಡು ಹೊತ್ತಿಗಾಗುವಷ್ಟು ಅನ್ನ ಒಂದೇ ಸಲ ಮಾಡಿಟ್ಟು, ಭಾನುವಾರವನ್ನೆಲ್ಲ ಗೋಡೆ ನೋಡಿಕೊಂಡು ಕಳೆಯುತ್ತಿದ್ದ.

ಪ್ರವಾಸಿಗಳು ದೋಣಿಯಲ್ಲಿ ವಿಹರಿಸಲು, ಗಾಳ ಹಾಕಿ ಮೀನು ಹಿಡಿಯಲು, ಡೇರೆ ಹೊಡೆದು ತಂಗಲು ಯೋಗ್ಯವಾದ ಒಂದು ಕೆರೆಯನ್ನು ಕೊಳ್ಳೇಗಾಲ, ಯಳಂದೂರು ಕಡೆಯಿಂದ ಆರಿಸಿ, ಜೊತೆಗಿಟ್ಟ ಫಾರಂ ತುಂಬಿ, ಸೋಮವಾರದ ಟಪಾಲಿಗೆ ತಪ್ಪದೆ ಕಳಿಸಬೇಕು ಎಂದು ಕಾಗದದಲ್ಲಿತ್ತು. ಬರೆದು ಒಂದು ತಿಂಗಳಾಗಿತ್ತು. ಮೂರು ಕಚೇರಿ ಸುತ್ತಿ, ಮೈಮೇಲೆಲ್ಲ ಮೊಹರು ಹೊಡೆಸಿಕೊಂಡು ಇಲ್ಲಿಗೆ ಬಂದಿತ್ತು.

ಹೆಡ್ ಕ್ಲರ್ಕ್ ಪುಟ್ಟಮಾದಪ್ಪನವರು ಅದನ್ನು ಓದಿ, ಕೊಠಡಿಯ ನಾಲ್ಕೂ ಮೂಲೆ ನೋಡಿದರು. ಒಬ್ಬನಿಗೆ ಮಗಳ ನಾಮಕರಣ, ಇನ್ನೊಬ್ಬನಿಗೆ ಮಾವನ ಮನೆ. ಕಣ್ಣು ಬಂದು ನಿಂತದ್ದು ಗುರುಸಿದ್ದಯ್ಯನ ಟಪಾಲು ಮೇಜಿನ ಮೇಲೆ.

"ಗುರುಸಿದ್ದಯ್ಯನವ್ರೇ, ನಿಮ್ಗೇನು ಎಡ್ತೀನಾ, ಮಕ್ಳಾ? ನಾಳೀಕೆ ಅಂಗೇ ಒಂದ್ ಸುತ್ತು ಓಗ್ಬುಟ್ಟು ಯಾವ್ದಾರ ಒಂದು ಕೆರೆ ನೋಡ್ಕಂಡು ಬಂದ್ಬುಡಿ."

"ನನಗೆ ಈ ಕಡೆ ಕೆರೆಗಳ ಪರಿಚಯ ಇಲ್ಲವಲ್ಲ ಸಾರ್."

"ಕೆರೆಗೂ ನಿಮ್ ಪರಿಚಯ ಇಲ್ಲ ಬುಡಿ. ಸರಿ ಓಯ್ತು!"

ಪರಿಚಯದ ಮಾತು ನಿಜವೇ. ತಿಪಟೂರು ಕಡೆಯ ಗುರುಸಿದ್ದಯ್ಯ ಕೊಳ್ಳೇಗಾಲಕ್ಕೆ ಬಂದು ಹನ್ನೊಂದು ವರ್ಷ. ತಾಲ್ಲೂಕು ಮದರಾಸಿನವರ ಕೈಯಿಂದ ಮೈಸೂರಿಗೆ ಸೇರಿದ ಮರುವರ್ಷ ಬಂದವನು. ತಾಲ್ಲೂಕನ್ನು ಎಲ್ಲರೂ ತಮ್ಮದು ಅಂದುಕೊಂಡರು, ಇವನನ್ನು ಯಾರೂ ತಮ್ಮವನು ಅಂದುಕೊಳ್ಳಲಿಲ್ಲ. ರೇಷ್ಮೆ ಬಿಚ್ಚುವ ಮನೆಯ ಹಿಂದಿನ ಒಂಟಿ ರೂಮಿನಲ್ಲಿ ವಾಸ. ಹೋದ ವರ್ಷ ಮೂರು ದಿನ ಜ್ವರದಲ್ಲಿ ಮಲಗಿದ್ದವನು ನಾಲ್ಕನೆಯ ದಿನ ಆಫೀಸಿಗೆ ಹೋಗಿ, ಯಾರಾದರೂ ಕೇಳಿದರೆ ಹೇಳೋಣವೆಂದು ಕಾಯಿಲೆಯ ವಿವರವನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ. ಹಾಜರಿ ಪುಸ್ತಕದಲ್ಲಿ ಮೂರು ದಿನವೂ ಅವನು ಬಂದಿದ್ದಾನೆ ಎಂದೇ ಇತ್ತು.

ಆದರೆ ಆ ಸಂಜೆ ಅವನ ಬಾಗಿಲು ಬಡಿದ ಸದ್ದಾಯಿತು. ಗುರುಸಿದ್ದಯ್ಯ ಮೊದಲು ಪಕ್ಕದ ಮನೆಯದಿರಬೇಕೆಂದು ಸುಮ್ಮನಿದ್ದ. ಮೂರನೆಯ ಸಲ ಬಡಿದಾಗ ಎದ್ದು ತೆಗೆದರೆ, ಜರಿ ಪೇಟದ ದೊಡ್ಡ ಆಳೊಬ್ಬರು ನಿಂತಿದ್ದರು.

"ನಾನು ಮಧುವನಹಳ್ಳಿ ಕೆಂಪನಂಜಪ್ಪ ಕಣ್ರಿ. ಕೆರೆ ಆರ್ಸೋರು ನೀವೇ ಅಂತ ನಿಮ್ ಎಡ್ ಕ್ಲರ್ಕು ಏಳುದ್ರು. ಬೆಳಿಗ್ಗೆ ನಾಷ್ಟ ನಮ್ಮನೇಲಿ. ಒತ್ತುಶ್ಯಾವಿಗೆ, ಕಾಯಾಲು. ಇಲ್ಲ ಅನ್ಬ್ಯಾಡಿ."

ಮನೆಯಲ್ಲಿದ್ದದ್ದು ಒಂದೇ ಲೋಟ. ಅತಿಥಿಗೆ ಲೋಟದಲ್ಲಿ ಕಾಫಿ ಕೊಟ್ಟು, ತಾನು ಹಾಲಿನ ಪಾತ್ರೆಯ ಮುಚ್ಚಳದಲ್ಲಿ ಬಗ್ಗಿಸಿಕೊಂಡು ಕುಡಿದ. ಅವರು ಹೋಗಿ ಲೋಟ ತೊಳೆಯುವಷ್ಟರಲ್ಲಿ ಇನ್ನೊಬ್ಬರು ಬಂದರು. ಬಂಡಳ್ಳಿಯ ಶಿವರುದ್ರಸ್ವಾಮಿ. "ಮದ್ಯಾನ ಊಟ ನಮ್ಮಲ್ಲಿ. ಒಬ್ಬಟ್ಟು ಮಾಡುಸ್ತಾ ಇವ್ನಿ. ಆ ಮಧುವನಹಳ್ಳಿ ಕೆರೇಲಿ ಏನದೆ ಸಾ, ಎಮ್ಮೆ ಮಲಿಕ್ಕಂಡ್ರೆ ನೀರು ಖಾಲಿ!"

ಇಬ್ಬರಿಗೂ ಗುರುಸಿದ್ದಯ್ಯ ಹೂಂ ಅಂದ. ಒಂದೇ ಸಂಜೆ ಎರಡು ಊಟದ ಕರೆ. ಬೀಗಿದ ಎದೆಗೆ ಅಂಗಿಯ ಗುಂಡಿ ಹಾಕಲು ಅವನಿಗೆ ಕಷ್ಟವಾಯಿತು.

ಬೆಳಿಗ್ಗೆ ಮಧುವನಹಳ್ಳಿಯಲ್ಲಿ ಮೂರು ಸಲ ಶ್ಯಾವಿಗೆ ಬಡಿಸಿಕೊಂಡು, ನಾಲ್ಕನೆಯದಕ್ಕೆ ಅಡ್ಡ ಹಿಡಿದ ಕೈಯ ಮೇಲೂ ಕಾಯಿಹಾಲು ಹುಯ್ಯಿಸಿಕೊಂಡು, ಗುರುಸಿದ್ದಯ್ಯ ಕೆರೆಗೆ ನಡೆದ. ಏರಿಯ ಮೇಲೆ ಊರಿನ ಅರ್ಧ ಜನ ನಿಂತಿತ್ತು. ಕೆಂಪನಂಜಪ್ಪ ಹೊಳೆಯ ಕಡೆಯಿಂದ ಗಾಡಿಯಲ್ಲಿ ಒಂದು ಹರಿಗೋಲು ತರಿಸಿದ್ದರು. ಹುಟ್ಟು ಹಾಕುವವನು ಮಾತ್ರ ಬಂದಿರಲಿಲ್ಲ.

"ಅದೇನ್ ಮಾ ವಿದ್ಯೇನಾ? ಕುಂತ್ಕಂಡು ನೀರು ಬಡ್ದ್ರೆ ಓಯ್ತದೆ," ಎಂದು ಕೆಂಪನಂಜಪ್ಪ ಅವನನ್ನು ಕೂರಿಸಿ ತಳ್ಳಿಯೇಬಿಟ್ಟರು.

ಹರಿಗೋಲು ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಇದ್ದಲ್ಲೇ ಸುತ್ತಿತು. ಏರಿ, ಊರು, ಗುಡ್ಡ, ಕೆಂಪನಂಜಪ್ಪ, ಮತ್ತೆ ಏರಿ, ಊರು, ಗುಡ್ಡ. ಹೊಟ್ಟೆಯಲ್ಲಿದ್ದ ಶ್ಯಾವಿಗೆಯೂ ಜೊತೆಗೆ ಸುತ್ತತೊಡಗಿತು. "ನಿಲ್ಲಿಸ್ರಪ್ಪಾ!" ಎಂದು ಅವನು ಕೂಗಿದ್ದೇ, ಹರಿಗೋಲು ತಾನಾಗಿ ಕೆಸರಿಗೆ ಕಚ್ಚಿಕೊಂಡು ನಿಂತಿತು. ಇಳಿದು ನೋಡಿದರೆ ನೀರು ಮೊಣಕಾಲಿಗೂ ಬರಲಿಲ್ಲ. ಕೆಸರು ಮಾತ್ರ ಸೊಂಟದವರೆಗೆ ಬಂತು.

ಅವನು ತೆವಳಿಕೊಂಡು ದಡ ಸೇರಿದ್ದು ಹೆಂಗಸರು ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ. ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ಒಬ್ಬಾಕೆ ನಗಲಿಲ್ಲ. ಕೆಂಪನಂಜಪ್ಪನ ತಂಗಿ ಶಿವರತ್ನಮ್ಮ. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಒಳಗಿನಿಂದ ಶ್ಯಾವಿಗೆ ಕಳಿಸುತ್ತಿದ್ದವಳು ಅವಳೇ.

"ಆ ಮೇಲೊದ್ದಿರೋ ಟವಲ್ ಕೊಡಿ, ಇಂಡ್ಕೊಡ್ತೀನಿ," ಎಂದು ಟವಲು ಇಸಿದುಕೊಂಡು, ತಗ್ಗಿದ ದನಿಯಲ್ಲಿ, "ಒಂದ್ ಮಾತು ಏಳ್ಲಾ ಸಾ? ನಮ್ ಕೆರೆ ಬರೀಬ್ಯಾಡಿ," ಅಂದಳು.

"ಯಾಕಮ್ಮಾ? ನಿಮ್ಮಣ್ಣನವರು ಇಷ್ಟು ಆಸೆ ಇಟ್ಟುಕೊಂಡಿದ್ದಾರೆ."

"ಅಣ್ಣುಂಗೇನು, ಜಗಲಿ ಅದೆ, ಜನ ಅದೆ. ನಾವು ಎಂಗುಸ್ರು ನಾಕು ಮಾತಾಡಾದು ಈ ಕಲ್ಲತ್ರಾನೇ. ಪ್ಯಾಟೆ ಜನ ಬಂದು ಡೇರೆ ಒಡ್ಕಂಡ್ರೆ ನಾವು ಇಲ್ಲಿ ಬರಾದುಂಟಾ? ಮನೇಲಿ ಗ್ವಾಡೆ ಜೊತೆ ಮಾತಾಡ್ಬೇಕಾಯ್ತದೆ."

ಗೋಡೆಯ ಜೊತೆ ಮಾತಾಡುವ ಕಷ್ಟ ಗುರುಸಿದ್ದಯ್ಯನಿಗೆ ಹೇಳಿಕೊಡಬೇಕಾಗಿರಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡು, "ಆಗಲಮ್ಮ, ಬರೆಯೋದಿಲ್ಲ," ಎಂದು ಮಾತು ಕೊಟ್ಟುಬಿಟ್ಟ. ಮೇಲೆ ಬಂದವನೇ ಅವಳ ಅಣ್ಣನಿಗೆ, "ಕೆರೆ ಬಹಳ ಚೆನ್ನಾಗಿದೆ, ನೋಡೋಣ," ಎಂದೂ ಹೇಳಿದ.

ಬಂಡಳ್ಳಿಗೆ ಹೋಗುವ ಹೊತ್ತಿಗೆ ಪಂಚೆಯ ಕೆಸರು ಒಣಗಿ ಹಂಚಿನ ಹಾಗೆ ಸದ್ದು ಮಾಡುತ್ತಿತ್ತು. ಶಿವರುದ್ರಸ್ವಾಮಿ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿ, ಕೆರೆ ದಂಡೆಯಲ್ಲಿ ಟಾರ್ಪಾಲು ಕಟ್ಟಿಸಿದ ಡೇರೆಗೆ ಕರೆದುಕೊಂಡು ಹೋದರು. "ಒಳ್ಗೆ ಒರಿಕ್ಕಂಡು ನೋಡಿ ಸಾ. ಮೈಸೂರು ಅರಮನೇಲೂ ಇಂಥ ಗಾಳಿ ಬರಾಕಿಲ್ಲ."

ಗುರುಸಿದ್ದಯ್ಯ ಒರಗಿದ. ನಿಜವಾಗಿಯೂ ಗಾಳಿ ಬಂತು. ಗಾಳಿಯ ಹಿಂದೆಯೇ ಬಿಸಿಲಿಗೆ ಬೇಸತ್ತ ಒಂದು ಎಮ್ಮೆಯೂ ಬಂತು. ಅದಕ್ಕೆ ಬಾಗಿಲು ಎಲ್ಲಿದೆ ಎಂದು ಯಾರೂ ತೋರಿಸಿರಲಿಲ್ಲವಾದ್ದರಿಂದ ಗೂಟದ ಮೇಲೇ ನುಗ್ಗಿತು. ಡೇರೆ ಕುಸಿಯಿತು. ಟಾರ್ಪಾಲಿನ ಕೆಳಗೆ ಎರಡು ಜೀವಗಳು ಒಂದನ್ನೊಂದು ದೂಡುತ್ತಿದ್ದವು. ನಾಲ್ಕು ಆಳು ಸೇರಿ ಮೊದಲು ಎಮ್ಮೆಯನ್ನು ಬಿಡಿಸಿದರು.

"ಓಗ್ಲಿ ಬುಡಿ, ಮೀನು ನೋಡುವ್ರಿ," ಎಂದು ಶಿವರುದ್ರಸ್ವಾಮಿ ಧೂಳು ಕೊಡವಿದರು. ಅವರೂ ಶಿವಭಕ್ತರು, ಗುರುಸಿದ್ದಯ್ಯನೂ ಅದೇ. ಇಬ್ಬರೂ ಹುಟ್ಟಿದಾಗಿನಿಂದ ಮೀನನ್ನು ಹತ್ತಿರದಿಂದ ನೋಡಿದವರಲ್ಲ. ಮೀನು ಹಿಡಿಯುವ ಮಾದಣ್ಣನನ್ನು ಗಾಳ ಸಮೇತ ಕರೆಸಿದ್ದರು. ಕೆರೆಯನ್ನು ನಂಬಿ ಕೂರುವುದು ಬೇಡವೆಂದು, ಮುನ್ನಾದಿನವೇ ಆಳು ಕಳಿಸಿ ಹನೂರಿನಿಂದ ಒಂದು ಪೊಟ್ಟಣ ಮೀನು ತರಿಸಿ ಅವನ ಕೈಗೆ ಗುಟ್ಟಾಗಿ ಕೊಟ್ಟೂ ಇದ್ದರು.

ಮಾದಣ್ಣ ಗಾಳ ಎಸೆದ, ಎಳೆದ. ತುದಿಯಲ್ಲಿ ಮೀನಿತ್ತು. ಇನ್ನೊಂದು ಸಲ ಎಸೆದ, ಇನ್ನೊಂದು ಬಂತು.

"ನೋಡಿದ್ರಾ ಸಾ! ಕಾಯ್ಕಂಡು ಕುಂತವೆ!" ಅಂದರು ಶಿವರುದ್ರಸ್ವಾಮಿ.

ಗುರುಸಿದ್ದಯ್ಯ ಮೂಗಿಗೆ ಟವಲು ಹಿಡಿದು ಬಗ್ಗಿ ನೋಡಿದ. ಮೀನು ಬೆಳ್ಳಗೆ, ಚಪ್ಪಟೆಯಾಗಿ, ಸೌದೆ ಚಕ್ಕೆಯ ಹಾಗೆ ಗಟ್ಟಿಯಾಗಿತ್ತು. ಮೈಮೇಲೆಲ್ಲ ಉಪ್ಪು. ಅವನು ಪೆನ್ಸಿಲು ತೆಗೆದು ಶ್ರದ್ಧೆಯಿಂದ ಬರೆದುಕೊಂಡ: 'ಈ ಕೆರೆಯ ಮೀನುಗಳು ಚೆನ್ನಾಗಿ ಒಣಗಿವೆ.' ಮಾದಣ್ಣ ಹೊಟ್ಟೆ ಹಿಡಿದುಕೊಂಡು ಹೊಂಗೆ ಮರದ ಹಿಂದಕ್ಕೆ ಓಡಿದ.

"ಅವನಿಗೇನಾಯಿತು?"

"ಬಿಸ್ಲು ಜಾಸ್ತಿ," ಅಂದರು ಶಿವರುದ್ರಸ್ವಾಮಿ. ಅವರಿಗೂ ಗೊತ್ತಾಗಿರಲಿಲ್ಲ.

ಹನೂರಿನಲ್ಲಿ ಬಸ್ಸು ಹತ್ತಿ ಕೂತವನಿಗೆ, ಶ್ಯಾವಿಗೆ ಒಬ್ಬಟ್ಟು ಎರಡೂ ಸೇರಿ, ಕಣ್ಣ ಮೇಲೆ ಕಲ್ಲು ಹೇರಿದಂತಾಯಿತು. ಎದ್ದದ್ದು ಕಂಡಕ್ಟರು ಭುಜ ಅಲ್ಲಾಡಿಸಿದಾಗ.

"ಯಳಂದೂರು ಸಾ, ಯಳಂದೂರು! ಕೊಳ್ಳೇಗಾಲ ಓಗಿ ಎಷ್ಟೊತ್ತಾಯ್ತು. ಮೂರು ಸಾರಿ ಕೂಗ್ದೆ."

ತಿರುಗಿ ಹೋಗುವ ಬಸ್ಸಿಗೆ ಒಂದೂವರೆ ಗಂಟೆ ಇತ್ತು. ಗುರುಸಿದ್ದಯ್ಯ ಕಾಲು ಎಳೆದ ಕಡೆ ನಡೆದ. ಊರು ದಾಟಿ ಹೊಲದ ಬದುವಿನ ಮೇಲೆ ಹೋಗಿ ಹತ್ತಿದರೆ ಒಂದು ಕೆರೆ. ಬಟ್ಟೆ ಒಗೆಯುವವರಿಲ್ಲ, ದನ ತೊಳೆಯುವವರಿಲ್ಲ. ಆಚೆಗೆ ಬಿಳಿಗಿರಿ ಬೆಟ್ಟದ ಸಾಲು, ಈಚೆಗೆ ನಿಂತ ನೀರು. ಸೂರ್ಯ ಇಳಿಯುತ್ತಿದ್ದ.

ಏರಿಯ ಮೇಲೆ ಕೂತು ಅವನು ಲೆಕ್ಕ ಹಾಕಿದ. ಮಧುವನಹಳ್ಳಿ ಅಂತ ಬರೆದರೆ ಬಂಡಳ್ಳಿಯ ಬಾಗಿಲು ಮುಚ್ಚಿತು, ಶಿವರತ್ನಮ್ಮನಿಗೆ ಕೊಟ್ಟ ಮಾತೂ ಹೋಯಿತು. ಬಂಡಳ್ಳಿ ಅಂತ ಬರೆದರೆ ಮಧುವನಹಳ್ಳಿಯ ಬಾಗಿಲು ಮುಚ್ಚಿತು. ಎರಡೂ ಬಿಟ್ಟು, ಯಾರೂ ಕೇಳದ ಈ ಕೆರೆ ಬರೆದರೆ? ಇಬ್ಬರಿಗೂ ಸಮ ಆಯಿತು. ಎರಡು ಮನೆಗೂ ಆಗಾಗ ಹೋಗಿ ಬರಬಹುದು. ಇಷ್ಟು ಜಾಣತನದ ಯೋಚನೆ ತನಗೆ ಹೊಳೆದದ್ದು ಅವನಿಗೇ ಆಶ್ಚರ್ಯ. ಉಳಿದಿದ್ದ ಬೆಳಕಿನಲ್ಲೇ ಫಾರಂ ತುಂಬಿದ. 'ಸ್ಥಳದಲ್ಲಿ ಶಾಂತಿ ಇದೆಯೇ?' ಎಂಬಲ್ಲಿ, 'ಇದೆ. ಬೇಕಾದ್ದಕ್ಕಿಂತ ಹೆಚ್ಚಾಗಿದೆ' ಎಂದು ಬರೆದ.

ಸೋಮವಾರ ಟಪಾಲು ಹೋಯಿತು. ಒಂದು ತಿಂಗಳಾದ ಮೇಲೆ, ಆ ಕೆರೆ ಮಂಜೂರಾಯಿತು ಎಂಬ ಸುದ್ದಿಯೂ ಬಂತು. ಆ ಮಧ್ಯಾಹ್ನ ಕೆಂಪನಂಜಪ್ಪ, ಶಿವರುದ್ರಸ್ವಾಮಿ ಇಬ್ಬರೂ ಒಟ್ಟಿಗೇ ಆಫೀಸಿಗೆ ನುಗ್ಗಿದರು.

"ಉಂಡ್ ಓದ್ರಲ್ರೀ, ನಾಕ್ ಸಾರಿ ಬಡಿಸ್ಕಂಡು!" ಎಂದು ಒಬ್ಬರು.

"ನಮ್ ಎಮ್ಮೆ ಇನ್ನೂ ಬೆದ್ರುಕೊಂಡೇ ಅದೆ!" ಎಂದು ಇನ್ನೊಬ್ಬರು.

ಬೈದು ದಣಿದ ಮೇಲೆ ಶಿವರುದ್ರಸ್ವಾಮಿ, "ಬನ್ನಿ ಕೆಂಪನಂಜಪ್ನೋರೇ, ಒಟ್ಲಲ್ಲಿ ಕಾಫಿ ಕುಡ್ಯವ. ಬರೋ ಸ್ವಾಮಾರ ನಮ್ಮನೇಲೇ ಊಟ ನಿಮ್ಗೆ," ಅಂದರು. ಒಬ್ಬರ ಭುಜದ ಮೇಲೊಬ್ಬರು ಕೈ ಹಾಕಿಕೊಂಡು ಹೋದರು. ಗುರುಸಿದ್ದಯ್ಯ ಅವರು ಹೋದ ದಾರಿಯನ್ನೇ ನೋಡುತ್ತ ಲಕೋಟೆಗಳಿಗೆ ಅಂಟು ಹಚ್ಚಿದ.

ಅದಾಗಿ ಎರಡು ವಾರಕ್ಕೆ, ಸಂತೆ ದಿನ, ಬೀದಿಯಲ್ಲಿ ಯಾರೋ ಕೂಗಿದರು. ಕೈಚೀಲ ಹಿಡಿದ ಶಿವರತ್ನಮ್ಮ.

"ಸಾ, ಕೊಟ್ಟ ಮಾತು ಉಳುಸ್ಕಂಡ್ರಿ. ಅಣ್ಣ ಬೈತಾನೆ, ಬೈಲಿ. ನಮ್ ಎಂಗುಸ್ರೆಲ್ಲ ನಿಮ್ಮುನ್ನ ನೆನ್ಸ್ಕತೀವಿ. ಈ ಭಾನ್ವಾರ ಕೆರೆತಾವು ಬನ್ನಿ. ಎಲ್ಲಾರೂ ಬುತ್ತಿ ತರ್ತೀವಿ. ಒತ್ತುಶ್ಯಾವಿಗೆ ಅಲ್ಲ, ಬರೀ ರೊಟ್ಟಿ."

"ನಾನಾ? ಯಾವ ಕೆಲಸಕ್ಕಮ್ಮಾ?"

"ಕೆಲ್ಸುಕ್ಕಲ್ಲ. ಸುಮ್ಕೆ. ಎಲ್ಡು ಮಾತಾಡಾಕೆ."

ಹನ್ನೊಂದು ವರ್ಷದಲ್ಲಿ ಯಾವ ಕೆಲಸಕ್ಕೂ ಅಲ್ಲದೆ ಬಂದ ಮೊದಲ ಕರೆ. ಗುರುಸಿದ್ದಯ್ಯ ನಡುಬೀದಿಯಲ್ಲಿ ಎತ್ತಿನ ಗಾಡಿಗೆ ದಾರಿ ಬಿಡುವುದನ್ನೂ ಮರೆತು ನಿಂತ. ಆಫೀಸಿಗೆ ಬಂದಾಗ ಪುಟ್ಟಮಾದಪ್ಪನವರು ಒಂದು ಕಾಗದ ಹಿಡಿದು ನಗುತ್ತಿದ್ದರು.

"ನಿಮ್ ಅದೃಷ್ಟ ಕುಲಾಯಿಸ್ತು! ಮೈಸೂರಿಂದ ಆರ್ಡ್ರು. ಆ ಕೆರೇನ ನಿಮ್ಮಷ್ಟು ಬಲ್ಲೋರು ಇಲ್ವಂತೆ. ದೋಣಿ, ಡೇರೆ, ಎಲ್ಲಾ ನಿಮ್ ವಶುಕ್ಕೆ. ಶನ್ವಾರ್ದಿಂದ ಅಲ್ಲೇ ಡ್ಯೂಟಿ."

"ಭಾನುವಾರ ರಜಾ ಇದೆಯಲ್ಲ ಸಾರ್?"

"ಪ್ರವಾಸಿಗ್ಳು ಬರಾದೇ ಭಾನ್ವಾರ ಕಣ್ರೀ! ಬ್ಯಾರೆ ದಿನ ಬೇಕಾರೆ ಕೇಳ್ಕಳಿ."

ಆ ಭಾನುವಾರ ಗುರುಸಿದ್ದಯ್ಯ ಹಸಿರು ಬಣ್ಣ ಬಳಿದ ದೋಣಿಯ ಪಕ್ಕದಲ್ಲಿ, ಬೆಳಿಗ್ಗೆ ಎಂಟರಿಂದ ಕೂತಿದ್ದ. ಬರಲಾಗುವುದಿಲ್ಲ ಎಂದು ಮಧುವನಹಳ್ಳಿಗೆ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದ. ಹತ್ತಾಯಿತು, ಹನ್ನೆರಡಾಯಿತು. ನೀರು ಅಲುಗಲಿಲ್ಲ. ಈಗ ಅವರು ಬುತ್ತಿ ಬಿಚ್ಚುತ್ತಿರಬೇಕು ಅಂದುಕೊಂಡು, ತಾನು ತಂದಿದ್ದ ಅನ್ನದ ಡಬ್ಬಿಯನ್ನು ಬಿಚ್ಚಿದ.

ಮೂರು ಗಂಟೆಗೆ ಏರಿಯ ಮೇಲೆ ಒಬ್ಬ ಮುದುಕ ಕಾಣಿಸಿಕೊಂಡ. ಗುರುಸಿದ್ದಯ್ಯ ಧಡಕ್ಕನೆ ಎದ್ದು ಅಂಗಿ ಸರಿಮಾಡಿಕೊಂಡ.

"ಬನ್ನಿ, ಬನ್ನಿ! ದೋಣಿಗಾ?"

"ಇಲ್ಲ ಸಾ. ನನ್ ಎಸ್ರು ಪುಟ್ಟಸಿದ್ದಯ್ಯ. ನಮ್ ಎಮ್ಮೆ ತಪ್ಪುಸ್ಕಂಡದೆ. ಈ ಕಡೀಕೆ ಬಂದದ್ದೇನಾರ ಕಂಡ್ರಾ?"

ಎಮ್ಮೆ ಬೆಳಿಗ್ಗೆಯಿಂದ ಡೇರೆಯ ಹಿಂದೆಯೇ ಮಲಗಿತ್ತು. ಇಡೀ ದಿನ ಅವನಿಗಿದ್ದ ಜೊತೆ ಅದೊಂದೇ. ಗುರುಸಿದ್ದಯ್ಯ ಡೇರೆಗೆ ಅಡ್ಡ ನಿಂತು, ಆಚೆ ದಡದ ಕಡೆ ಕೈ ತೋರಿಸಿದ.

"ಆ ಕಡೆ ಎಲ್ಲೋ ಹೋದ ಹಾಗಿತ್ತು. ಹತ್ತಿ ದೋಣಿ. ನಿಧಾನವಾಗಿ ಒಂದು ಸುತ್ತು ಹುಡುಕೋಣ. ನಿಮ್ಮ ಊರು, ಮನೆ, ಮಕ್ಕಳು, ಎಲ್ಲ ಹೇಳ್ತಾ ಬನ್ನಿ."